ಒಣ ಚರ್ಮಕ್ಕೆ ಹಣ್ಣಿನ ಲೇಪ: ನೀರುಣಿಸುವ ಹಣ್ಣು, ನೀರು ಹಿಡಿದಿಡುವ ಎಣ್ಣೆ

ಗದಗ ತಾಲ್ಲೂಕಿನ ಹರ್ತಿ ಹಾಗೂ ಅದರ ಸುತ್ತಲಿನ ಊರುಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತಿಗೆ ಮುಖ, ತುಟಿ ಮತ್ತು ಹಿಮ್ಮಡಿಗಳು ಬಿರಿಯತೊಡಗುವುದು ಪ್ರತಿ ವರ್ಷದ ಮಾತು. ಕಪ್ಪತಗುಡ್ಡಕ್ಕೆ ಸಮೀಪದ ಈ ಬಯಲು ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಮುಗಿಯುವುದರಿಂದ, ನವೆಂಬರ್‌ನಿಂದ ಮುಂದೆ ಗಾಳಿಯಲ್ಲಿ ತೇವ ಕುಗ್ಗುತ್ತದೆ. ಎರೆ ಹೊಲಗಳ ಮೇಲೆ ತಡೆಯಿಲ್ಲದೆ ಬೀಸುವ ಒಣಗಾಳಿಯು ಬಿಸಿಲಿನೊಡನೆ ಸೇರಿ ಮೈಯ ಪಸೆಯನ್ನು ಹೀರುತ್ತದೆ. ಇದಕ್ಕೆ ಮತ್ತೊಂದು ಕಾರಣ ನೀರಿನಲ್ಲಿಯೇ ಇದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ಗಡಸು ಕೊಳವೆಬಾವಿ ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಯಾಗದೆ, ಜಿಡ್ಡಾದ ಗಷ್ಟಾಗಿ ಚರ್ಮದ ಮೇಲೆ ಉಳಿದು, ಉರಿ ಮತ್ತು ಬಿಗಿತವನ್ನು ಹೆಚ್ಚಿಸುತ್ತದೆ.

ಇಂಥ ಚರ್ಮಕ್ಕೆ ಮನೆಯಲ್ಲಿಯೇ ಹಣ್ಣನ್ನು ಅರೆದು ಹಚ್ಚುವ ಪದ್ಧತಿಯು ಇತ್ತೀಚಿನ ವರ್ಷಗಳಲ್ಲಿ ಬಹಳ ಪ್ರಚಾರ ಪಡೆದಿದೆ. ಅದರಿಂದ ಉಪಯೋಗವಿಲ್ಲವೆಂದಲ್ಲ, ಆದರೆ ಉಪಯೋಗವು ಸಾಮಾನ್ಯವಾಗಿ ಹೇಳಲಾಗುವ ಕಾರಣದಿಂದ ಬರುವುದಿಲ್ಲ, ಮತ್ತು ಲೇಪವನ್ನು ತಪ್ಪಾಗಿ ಬಳಸಿದರೆ ಒಣ ಚರ್ಮವು ಇನ್ನಷ್ಟು ಒಣಗುತ್ತದೆ. ಹಣ್ಣು ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ತಿಳಿಯಲು ಮೊದಲು ಚರ್ಮದ ರಚನೆಯನ್ನು ಅರಿಯಬೇಕು.

ಚರ್ಮ ಒಣಗುವುದೆಂದರೆ ಏನು

ಚರ್ಮದ ಅತ್ಯಂತ ಹೊರಗಿನ ಪದರವನ್ನು ವೈದ್ಯಶಾಸ್ತ್ರವು ಸ್ಟ್ರಾಟಮ್ ಕಾರ್ನಿಯಮ್ ಎಂದು ಕರೆಯುತ್ತದೆ. ಮುಖದಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ ದಪ್ಪವಿರುವ ಈ ಪದರವು ಇಟ್ಟಿಗೆ ಗೋಡೆಯಂತೆ ರಚನೆಗೊಂಡಿದೆ: ಜೀವವಿಲ್ಲದ ಚಪ್ಪಟೆ ಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಜಿಡ್ಡುಗಳು ಗಾರೆಯ ಕೆಲಸ ಮಾಡುತ್ತವೆ. ಕೋಶಗಳ ಒಳಗೆ ಅಮೈನೋ ಆಮ್ಲ, ಲ್ಯಾಕ್ಟಿಕ್ ಆಮ್ಲದ ಲವಣ, ಯೂರಿಯಾ ಮೊದಲಾದ ನೀರು ಹೀರುವ ವಸ್ತುಗಳಿದ್ದು, ಅವು ತೇವವನ್ನು ಒಳಗೆ ಹಿಡಿದಿಡುತ್ತವೆ. ನಡುವಣ ಜಿಡ್ಡು ಆ ತೇವವು ಆವಿಯಾಗಿ ಹೋಗುವುದನ್ನು ತಡೆಯುತ್ತದೆ.

ಪದೇ ಪದೇ ಸಾಬೂನಿನಿಂದ ತೊಳೆಯುವುದರಿಂದ, ಬಿಸಿನೀರಿನಿಂದ, ಒಣಗಾಳಿಯಿಂದ ಅಥವಾ ವಯಸ್ಸಿನ ಕಾರಣದಿಂದ ನಡುವಣ ಜಿಡ್ಡು ಕಡಿಮೆಯಾದಾಗ ಒಳಗಿನ ನೀರು ಹೊರಹೋಗತೊಡಗುತ್ತದೆ. ಹೊರಪದರದ ನೀರಿನ ಪ್ರಮಾಣವು ಶೇಕಡ 10ಕ್ಕಿಂತ ಕೆಳಗಿಳಿದರೆ ಕೋಶಗಳು ಬಾಗುವ ಗುಣವನ್ನು ಕಳೆದುಕೊಂಡು ಹೊಟ್ಟಿನಂತೆ ಏಳುತ್ತವೆ, ಸೂಕ್ಷ್ಮವಾದ ಬಿರುಕುಗಳು ಮೂಡುತ್ತವೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು ಅದರ ಪಿಎಚ್ ಮೌಲ್ಯ ಸುಮಾರು 5ರಷ್ಟಿರುತ್ತದೆ. ಪಿಎಚ್ ಎಂಬುದು ಹುಳಿ ಮತ್ತು ಕ್ಷಾರಗಳನ್ನು ಅಳೆಯುವ ಮಾನವಾಗಿದ್ದು, 7 ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಸಾಮಾನ್ಯ ಸಾಬೂನಿನ ಮೌಲ್ಯವು 9ರಿಂದ 10ರವರೆಗೆ ಇರುವುದರಿಂದ ಪ್ರತಿ ತೊಳೆತವೂ ಈ ಸಮತೋಲವನ್ನು ಕೆಲಹೊತ್ತು ಕೆಡಿಸುತ್ತದೆ.

ಹಣ್ಣು ಕೊಡುವುದು ಮತ್ತು ಕೊಡಲಾರದ್ದು

ಹಣ್ಣಿನ ಜೀವಸತ್ವಗಳು ಚರ್ಮದೊಳಗೆ ಇಳಿದು ಅದನ್ನು ಪೋಷಿಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಚರ್ಮದ ಹೊರಪದರವು ಅಷ್ಟು ಸುಲಭವಾಗಿ ದಾರಿ ಕೊಡುವುದಿಲ್ಲ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಿಂದ ಅಳೆಯುತ್ತಾರೆ. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಅಪರೂಪ. ಪಪ್ಪಾಯಿ ಮತ್ತು ಮಾವಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್‌ನ ತೂಕ ಇದಕ್ಕಿಂತ ಹೆಚ್ಚು. ಸಿ ಜೀವಸತ್ವವು ಹಗುರವಾದುದಾದರೂ, ಅದು ಒಳಗೆ ಇಳಿಯಲು ಹಣ್ಣಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಸಾಂದ್ರವಾಗಿರಬೇಕು ಮತ್ತು 3.5ಕ್ಕಿಂತ ಕಡಿಮೆ ಪಿಎಚ್‌ನ ಹುಳಿ ದ್ರಾವಣದಲ್ಲಿರಬೇಕು. ಆದ್ದರಿಂದ ಜೀವಸತ್ವಗಳಿಗಾಗಿ ಹಣ್ಣನ್ನು ತಿನ್ನುವುದೇ ಸರಿಯಾದ ಮಾರ್ಗ.

ಹಾಗಿದ್ದರೂ ಹಣ್ಣಿನ ಲೇಪದಿಂದ ಮುಖ ಮೃದುವಾಗುವುದು ಅನುಭವಸಿದ್ಧ, ಮತ್ತು ಅದಕ್ಕೆ ಕಾರಣ ಸರಳವಾದುದು. ಮಾಗಿದ ಬಾಳೆಹಣ್ಣಿನ ತಿರುಳಿನಲ್ಲಿ ಸುಮಾರು ಶೇಕಡ 75ರಷ್ಟು, ಪಪ್ಪಾಯಿಯಲ್ಲಿ ಸುಮಾರು ಶೇಕಡ 88ರಷ್ಟು ನೀರಿದ್ದು, ಆ ನೀರು ಸಕ್ಕರೆ ಮತ್ತು ಪೆಕ್ಟಿನ್‌ಗಳೊಡನೆ ಕೂಡಿಕೊಂಡಿರುವುದರಿಂದ ಬೇಗ ಜಾರಿಹೋಗದೆ ಚರ್ಮದ ಮೇಲೆ ನಿಲ್ಲುತ್ತದೆ. ಪೆಕ್ಟಿನ್ ಎಂದರೆ ಹಣ್ಣಿನ ರಸವನ್ನು ಲೋಳೆಯಂತೆ ಗಟ್ಟಿಗೊಳಿಸುವ ನಾರಿನಂಶ. ಹತ್ತು-ಹದಿನೈದು ನಿಮಿಷಗಳ ಕಾಲ ಹೀಗೆ ತೇವದ ಕೆಳಗಿರುವ ಒಣ ಕೋಶಗಳು ನೀರನ್ನು ಹೀರಿ ಉಬ್ಬುತ್ತವೆ, ಬಿರುಕುಗಳು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತವೆ. ಅಂದರೆ ಹಣ್ಣಿನ ಲೇಪವು ಚರ್ಮಕ್ಕೆ ನೀರುಣಿಸುವ ಒಂದು ವಿಧಾನವೇ ಹೊರತು ಕಳೆದುಹೋದ ಜಿಡ್ಡನ್ನು ತುಂಬಿಕೊಡುವ ವಿಧಾನವಲ್ಲ. ಸುಮಾರು ಶೇಕಡ 15ರಷ್ಟು ಕೊಬ್ಬಿರುವ, ಕೊಡಗಿನ ತೋಟಗಳಿಂದ ಪೇಟೆಗೆ ಬರುವ ಬೆಣ್ಣೆಹಣ್ಣು ಇದಕ್ಕೆ ಅಪವಾದವಾದರೂ, ಹರ್ತಿಯಂಥ ಊರಿಗೆ ಅದು ದುಬಾರಿಯಾದ, ದೂರದ ಹಣ್ಣು. ಬಾಳೆಹಣ್ಣಿಗೆ ಹಾಲಿನ ಕೆನೆ ಸೇರಿಸಿದರೆ ಅದರ ಕೆಲಸ ಆಗುತ್ತದೆ.

ಹಣ್ಣುಗಳ ಆಯ್ಕೆ

ಒಣ ಚರ್ಮಕ್ಕೆ ಹುಳಿ ಕಡಿಮೆಯಿರುವ, ತಿರುಳು ದಟ್ಟವಾಗಿರುವ ಹಣ್ಣುಗಳೇ ಹೊಂದುತ್ತವೆ. ಬಾಳೆ, ಚೆನ್ನಾಗಿ ಮಾಗಿದ ಪಪ್ಪಾಯಿ, ಕರಬೂಜ ಮತ್ತು ಚಿಕ್ಕು ಈ ಗುಂಪಿನವು. ಕಾಯಿ ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ, ಮಾಂಸದ ಪ್ರೋಟೀನನ್ನು ಕರಗಿಸಬಲ್ಲ ಕಿಣ್ವವಿದ್ದು ಅದು ಚರ್ಮವನ್ನು ಸುಡಬಹುದಾದ್ದರಿಂದ ಅದನ್ನು ಮುಖಕ್ಕೆ ಸೋಕಿಸಬಾರದು. ಹಣ್ಣು ಮಾಗಿದಂತೆ ಈ ಹಾಲು ಕಡಿಮೆಯಾಗುತ್ತದೆ. ಮಾವಿನ ತೊಟ್ಟಿನ ಸೊನೆಯೂ ಗುಳ್ಳೆ ಎಬ್ಬಿಸುವಂಥದ್ದು.

ಲಿಂಬೆಹಣ್ಣು ಅನೇಕ ಮನೆಮದ್ದುಗಳಲ್ಲಿ ಕಾಣಿಸಿಕೊಂಡರೂ ಒಣ ಚರ್ಮದವರು ಅದನ್ನು ದೂರವಿಡಬೇಕು. ಅದರ ರಸದ ಪಿಎಚ್ ಸುಮಾರು 2ರಿಂದ 2.5ರಷ್ಟಿದ್ದು, ಬಿರುಕು ಬಿಟ್ಟ ಚರ್ಮವನ್ನು ಉರಿಸುವುದಲ್ಲದೆ, ಅದರ ಸಿಪ್ಪೆಯ ಎಣ್ಣೆಯಲ್ಲಿರುವ ಫ್ಯೂರನೊಕೌಮರಿನ್ ಎಂಬ ವಸ್ತುಗಳು ಬಿಸಿಲಿಗೆ ಒಡ್ಡಿಕೊಂಡಾಗ ಚರ್ಮದಲ್ಲಿ ಗುಳ್ಳೆಗಳನ್ನೂ ಬಹುಕಾಲ ಉಳಿಯುವ ಕಪ್ಪು ಕಲೆಗಳನ್ನೂ ಉಂಟುಮಾಡಬಲ್ಲವು. ಹುಳಿಯು ಚರ್ಮಕ್ಕೆ ಏನು ಮಾಡುತ್ತದೆಂಬುದು ಗದಗ ಸೀಮೆಯ ರೈತರಿಗೆ ಹೊಸದೇನಲ್ಲ: ಕಡಲೆ ಗಿಡದ ಎಲೆಗಳು ಒಸರುವ ಹುಳಿಯಲ್ಲಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವೂ ಆಕ್ಸಾಲಿಕ್ ಆಮ್ಲವೂ ಇದ್ದು, ಕಡಲೆ ಕೀಳುವವರ ಕೈಕಾಲುಗಳು ಅದರಿಂದಲೇ ಉರಿದು ಬಿರಿಯುತ್ತವೆ. ಮುಖಲೇಪಗಳಲ್ಲಿ ರೂಢಿಯಾಗಿರುವ ಕಡಲೆ ಹಿಟ್ಟು ಮತ್ತು ಮುಲ್ತಾನಿ ಮಣ್ಣು ಹುಳಿಯವಲ್ಲವಾದರೂ, ಜಿಡ್ಡನ್ನು ಹೀರುವ ಗುಣದವಾದ್ದರಿಂದ ಎಣ್ಣೆ ಚರ್ಮಕ್ಕೆ ಸರಿಹೋಗುತ್ತವೆಯೇ ವಿನಾ ಒಣ ಚರ್ಮಕ್ಕಲ್ಲ.

ಲೇಪದ ತಯಾರಿಕೆ

ಒಂದು ಸಲದ ಬಳಕೆಗೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವಷ್ಟು ಮಾಗಿದ ಒಂದು ಸಣ್ಣ ಬಾಳೆಹಣ್ಣು, ಒಂದು ಚಹಾ ಚಮಚ ತಾಜಾ ಹಾಲಿನ ಕೆನೆ ಮತ್ತು ಅರ್ಧ ಚಹಾ ಚಮಚ ಜೇನುತುಪ್ಪ ಸಾಕು. ಜೇನಿನ ಸುಮಾರು ಶೇಕಡ 80 ಭಾಗ ಸಕ್ಕರೆಯೇ ಆಗಿದ್ದು, ಅದು ನೀರನ್ನು ತನ್ನತ್ತ ಎಳೆದು ಹಿಡಿಯುವುದರಿಂದ ಲೇಪವು ಬೇಗ ಒಣಗುವುದಿಲ್ಲ. ಕೆನೆಯ ಕೊಬ್ಬು ಚರ್ಮದ ಮೇಲೆ ತೆಳುವಾದ ಜಿಡ್ಡಾಗಿ ಉಳಿಯುತ್ತದೆ. ಹಣ್ಣನ್ನು ಗಂಟಿಲ್ಲದಂತೆ ನುಣ್ಣಗೆ ಹಿಸುಕಿ ಉಳಿದೆರಡನ್ನು ಕಲಸಿದರೆ ಲೇಪ ಸಿದ್ಧವಾಗುತ್ತದೆ. ಬಯಸಿದವರು ಬಾಳೆಯ ಅರ್ಧ ಭಾಗದ ಬದಲು ಅಷ್ಟೇ ಪ್ರಮಾಣದ ಮಾಗಿದ ಪಪ್ಪಾಯಿಯನ್ನು, ಕೆನೆಯ ಬದಲು ಹುಳಿಯಿಲ್ಲದ ಗಟ್ಟಿ ಮೊಸರನ್ನು ಬಳಸಬಹುದು. ಸಂರಕ್ಷಕಗಳಿಲ್ಲದ ಇಂಥ ಮಿಶ್ರಣದಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದರಿಂದ ಉಳಿದುದನ್ನು ಎತ್ತಿಡದೆ ಚೆಲ್ಲಬೇಕು.

ಮೊದಲ ಸಲ ಬಳಸುವವರು ಲೇಪವನ್ನು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತೊಳೆದು, 24ರಿಂದ 48 ಗಂಟೆಗಳ ಕಾಲ ತುರಿಕೆ ಅಥವಾ ಕೆಂಪು ಕಾಣಿಸುವುದೋ ಎಂದು ನೋಡಬೇಕು. ರಬ್ಬರ್ ಕೈಗವಸು ಮುಂತಾದವುಗಳ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬಾಳೆ, ಪಪ್ಪಾಯಿ ಮತ್ತು ಬೆಣ್ಣೆಹಣ್ಣುಗಳೂ ಒಗ್ಗುವುದಿಲ್ಲ. ಸಾಬೂನಿಲ್ಲದೆ ಉಗುರುಬೆಚ್ಚಗಿನ ನೀರಿನಿಂದ ಮುಖವನ್ನು ತೊಳೆದುಕೊಂಡು, ಕಣ್ಣಿನ ಸುತ್ತಲಿನ ಭಾಗವನ್ನು ಬಿಟ್ಟು ಲೇಪವನ್ನು ಹಚ್ಚಿ, ಹತ್ತರಿಂದ ಹದಿನೈದು ನಿಮಿಷಗಳೊಳಗೆ ತೆಗೆಯಬೇಕು. ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬಳಸುವ ಅಗತ್ಯವಿಲ್ಲ.

ವಾಗ್ಭಟನ ನಿಯಮ

ಲೇಪವನ್ನು ಎಷ್ಟು ಹೊತ್ತು ಇಡಬೇಕೆಂಬ ಪ್ರಶ್ನೆಗೆ ಬಹಳ ಹಳೆಯದೂ ಬಹಳ ಖಚಿತವೂ ಆದ ಉತ್ತರವೊಂದಿದೆ. ಆಯುರ್ವೇದದ ಪ್ರಮುಖ ಗ್ರಂಥಗಳಲ್ಲೊಂದಾದ ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದ 22ನೆಯ ಅಧ್ಯಾಯವು ಮುಖಲೇಪವನ್ನು ದೋಷಹರ, ವಿಷಹರ ಮತ್ತು ಕಾಂತಿಕರ ಎಂದು ಮೂರು ಬಗೆಯಾಗಿ ವಿಂಗಡಿಸಿ, ಅದರ ದಪ್ಪವು ಒಂದು ಅಂಗುಲದ ಕಾಲು, ಮೂರನೆಯ ಒಂದು ಅಥವಾ ಅರ್ಧ ಭಾಗದಷ್ಟಿರಬೇಕೆಂದು ಹೇಳುತ್ತದೆ. ಲೇಪವು ಹಸಿಯಾಗಿರುವವರೆಗೆ ಮಾತ್ರ ಮುಖದ ಮೇಲಿರಬೇಕು, ಒಣಗಿದ ಲೇಪವು ಚರ್ಮದ ಕಾಂತಿಯನ್ನು ಕೆಡಿಸುತ್ತದೆ, ತೆಗೆಯುವ ಮೊದಲು ಅದನ್ನು ನೆನೆಸಬೇಕು ಮತ್ತು ತೆಗೆದ ಮೇಲೆ ಎಣ್ಣೆಯನ್ನು ಹಚ್ಚಬೇಕು ಎಂಬುದು ಅಲ್ಲಿನ ನಿಯಮ. ಹೇಮಂತ ಋತುವಿಗೆ ಹೇಳಿದ ಲೇಪದಲ್ಲಿ ಆಡುಸೋಗೆಯ ಬೇರು, ಲೋಧ್ರ ಮತ್ತು ಬಿಳಿ ಸಾಸಿವೆಗಳ ಜತೆಗೆ, ಈ ಬಯಲಿನ ಬದುಗಳಲ್ಲಿ ಇಂದಿಗೂ ಸಿಗುವ ಬಾರಿಹಣ್ಣಿನ ತಿರುಳೂ ಇದೆ. ಗದಗ ಪ್ರದೇಶವು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಸುಮಾರು 1129ರಲ್ಲಿ, ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿಯೂ ಅಭ್ಯಂಗ, ಸ್ನಾನ ಮತ್ತು ವಿಲೇಪನಗಳು ವರ್ಣಿತವಾಗಿವೆ.

ವಾಗ್ಭಟನ ನಿಯಮದ ಹಿಂದಿನ ಕಾರಣವು ಇಂದಿನ ಚರ್ಮವಿಜ್ಞಾನದಿಂದ ಸ್ಪಷ್ಟವಾಗುತ್ತದೆ. ಲೇಪವು ಒಣಗುತ್ತ ಹೋದಂತೆ ಅದರಲ್ಲಿನ ಸಕ್ಕರೆ ಮತ್ತು ಪಿಷ್ಟಗಳು ಚರ್ಮಕ್ಕೆ ಅಂಟಿಕೊಂಡು, ಮೊದಲು ಕೊಟ್ಟ ನೀರನ್ನು ಮರಳಿ ಎಳೆದುಕೊಳ್ಳುತ್ತವೆ, ಮತ್ತು ಅದನ್ನು ಉಜ್ಜಿ ತೆಗೆಯುವಾಗ ಸಡಿಲವಾದ ಕೋಶಗಳೂ ಕಿತ್ತುಬರುತ್ತವೆ. ಎಣ್ಣೆಯನ್ನು ಹಚ್ಚದೆ ಬಿಟ್ಟರೆ ಹೀರಿದ ನೀರು ಒಣಗಾಳಿಗೆ ಬೇಗನೆ ಆವಿಯಾಗುತ್ತದೆ. ಆದ್ದರಿಂದ ಮುಖವನ್ನು ಮೆತ್ತಗೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ನಾಲ್ಕೈದು ಹನಿ ಎಣ್ಣೆಯನ್ನು ಸವರುವುದು ಈ ಕ್ರಮದ ಕೊನೆಯ ಹಂತ ಮಾತ್ರವಲ್ಲ, ಮುಖ್ಯ ಹಂತವೂ ಹೌದು.

ಯಾವ ಎಣ್ಣೆ ಎಂಬುದಕ್ಕೂ ಉತ್ತರ ಹಿಂಗಾರಿ ಹೊಲದಲ್ಲಿಯೇ ಸಿಗುತ್ತದೆ. ಜೋಳ ಮತ್ತು ಕಡಲೆಯೊಡನೆ ಬೆಳೆಯುತ್ತ ಬಂದಿರುವ ಕುಸುಬಿಯ ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಭಾಗ ಲಿನೋಲಿಕ್ ಆಮ್ಲವಿದ್ದು, ಚರ್ಮವು ತನ್ನ ಸೆರಮೈಡ್‌ಗಳಲ್ಲಿ ಕೆಲವನ್ನು ಕಟ್ಟಿಕೊಳ್ಳಲು ಇದೇ ಕೊಬ್ಬಿನಾಮ್ಲವನ್ನು ಬಳಸುತ್ತದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಲಿಯಿಕ್ ಆಮ್ಲ ಹೆಚ್ಚಾಗಿರುವ ಆಲಿವ್ ಎಣ್ಣೆಯು ಚರ್ಮದ ತಡೆಪದರವನ್ನು ದುರ್ಬಲಗೊಳಿಸಿದರೆ, ಲಿನೋಲಿಕ್ ಆಮ್ಲ ಹೆಚ್ಚಾಗಿರುವ ಸೂರ್ಯಕಾಂತಿ ಎಣ್ಣೆಯು ಅದಕ್ಕೆ ಧಕ್ಕೆ ಮಾಡಲಿಲ್ಲವೆಂದು ಕಂಡುಬಂದಿತು. ಆ ಅಧ್ಯಯನ ಕುಸುಬಿಯನ್ನು ಕುರಿತದ್ದಲ್ಲವಾದರೂ, ಗಾಣದಲ್ಲಿ ತೆಗೆದ ಕುಸುಬಿ ಎಣ್ಣೆಯು ರಚನೆಯಲ್ಲಿ ಸೂರ್ಯಕಾಂತಿ ಎಣ್ಣೆಗೆ ಹತ್ತಿರವಾದುದು.

ಇಷ್ಟಾದರೂ ಮನೆಮದ್ದಿಗೆ ಮಿತಿಯುಂಟು. ರಕ್ತ ಒಸರುವ ಬಿರುಕು, ನಿದ್ದೆಗೆಡಿಸುವ ತುರಿಕೆ, ಅಂಚು ಕೆಂಪಾದ ಮಚ್ಚೆಗಳು ಅಥವಾ ವಾರಗಟ್ಟಲೆ ಎಣ್ಣೆ ಹಚ್ಚಿದರೂ ಕಡಿಮೆಯಾಗದ ಒಣತನವು ಇಸುಬು, ಥೈರಾಯ್ಡ್ ಕೊರತೆ ಅಥವಾ ಸಕ್ಕರೆ ಕಾಯಿಲೆಯ ಲಕ್ಷಣವಾಗಿರಬಹುದಾದ್ದರಿಂದ ಅಂಥವರು ಲೇಪಗಳಲ್ಲಿ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣಬೇಕು. ಉಳಿದವರಿಗೆ ಸಾಬೂನಿನ ಬಳಕೆಯನ್ನು ತಗ್ಗಿಸುವುದು, ಸ್ನಾನದ ನೀರನ್ನು ಉಗುರುಬೆಚ್ಚಗಿಡುವುದು ಮತ್ತು ಹೊಲಕ್ಕೆ ಹೋಗುವಾಗ ಮುಖಕ್ಕೆ ಸೆರಗನ್ನೋ ವಸ್ತ್ರವನ್ನೋ ಸುತ್ತಿಕೊಳ್ಳುವುದು ಯಾವ ಲೇಪಕ್ಕಿಂತಲೂ ಹೆಚ್ಚು ಫಲ ಕೊಡುತ್ತವೆ. ಹಣ್ಣು ಮತ್ತು ಎಣ್ಣೆ ಎರಡರಲ್ಲಿ ಒಂದನ್ನೇ ಮುಖಕ್ಕೆ ಹಚ್ಚಬೇಕಾಗಿ ಬಂದರೆ ಎಣ್ಣೆಯನ್ನು ಹಚ್ಚಿ, ಹಣ್ಣನ್ನು ಮಕ್ಕಳ ಕೈಗೆ ಕೊಡುವುದೇ ಲೇಸು.