ರೋಗಿಯ ಶುಶ್ರೂಷೆಗೆ ಬರುವವರ ಪೂರ್ವೋತ್ತರ

ಮಡಕೆಯೊಂದನ್ನು ಕೊಳ್ಳಹೋದ ಗೃಹಿಣಿಯು ಅದನ್ನು ಬೆರಳಿನಿಂದ ಬಾರಿಸಿ ನಾದವನ್ನು ಕೇಳದೆ ಹಣ ಕೊಡುವುದಿಲ್ಲ. ಮಗಳಿಗೆ ವರನನ್ನು ಗೊತ್ತುಮಾಡುವುದಕ್ಕೆ ಮುಂಚೆ ಹುಡುಗನ ಊರಿನಲ್ಲಿ, ಅವನ ಕಚೇರಿಯಲ್ಲಿ, ಬಂಧುಗಳಲ್ಲಿ ಹೀಗೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಎಲ್ಲ ಮನೆಗಳ ಪದ್ಧತಿಯೇ ಆಗಿದೆ. ಆದರೆ ಹಾಸಿಗೆ ಹಿಡಿದ ತಾಯಿಯನ್ನು ಯಾರ ಕೈಗೆ ಒಪ್ಪಿಸಿ ನಾವು ಬಾಗಿಲೆಳೆದುಕೊಂಡು ಕೆಲಸಕ್ಕೆ ಹೊರಡುವೆವೋ ಅವರ ವಿಷಯದಲ್ಲಿ ಮಾತ್ರ ಒಂದು ಟೆಲಿಫೋನಿನ ಮಾತಿನಲ್ಲಿಯೇ ಎಲ್ಲವನ್ನೂ ತೀರಿಸಿಬಿಡುವೆವು. ಇದಕ್ಕೆ ಕಾರಣವು ಪ್ರೀತಿಯ ಕೊರತೆಯಲ್ಲ, ಅವಸರ. ಸೋಮವಾರ ಆಸ್ಪತ್ರೆಯಲ್ಲಿ ಬಿಡುಗಡೆಯ ಕಾಗದವನ್ನು ಬರೆದುಕೊಡುವರು. ಮಂಗಳವಾರ ಬೆಳಿಗ್ಗೆ ಮಗನೂ ಸೊಸೆಯೂ ಕೆಲಸಕ್ಕೆ ಹೋಗಲೇಬೇಕು. ನಡುವಣ ಒಂದೇ ರಾತ್ರಿಯಲ್ಲಿ ಯಾರನ್ನಾದರೂ ಹುಡುಕಬೇಕಾದಾಗ ಬಾಗಿಲಿಗೆ ಬಂದವರೆಲ್ಲರೂ ದೇವರೇ ಕಳುಹಿಸಿದವರಂತೆ ಕಾಣುವರು.

ಇಂತಹ ಪ್ರಸಂಗವು ಈಗ ಅಪರೂಪವಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ನೂರಕ್ಕೆ ಸುಮಾರು 9.5 ಮಂದಿ 60 ವರ್ಷ ತುಂಬಿದವರಾಗಿದ್ದರು; ಆ ಪ್ರಮಾಣವು ಅಲ್ಲಿಂದೀಚೆಗೆ ಏರುತ್ತಲೇ ಬಂದಿದೆ. ದೇಶದ ಹಿರಿಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ, ಎಂದರೆ ಮರೆವಿನ ರೋಗವು, ಇರಬಹುದೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹಿಂದೆ ರೋಗಿಯ ಬಳಿಯಲ್ಲಿ ಅತ್ತಿಗೆ ನಾದಿನಿಯರು ಸರದಿಯ ಮೇಲೆ ಕುಳಿತಿರುತ್ತಿದ್ದರು; ರಾತ್ರಿಯ ಸರದಿಯು ಬಹುಮಟ್ಟಿಗೆ ವಿಧವೆಯಾದ ಸೋದರತ್ತೆಯ ಪಾಲಿಗೆ ಬರುತ್ತಿದ್ದಿತು. (ಆಕೆಯ ಸುಖದುಃಖಗಳನ್ನು ಯಾರೂ ಕೇಳುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಮರೆಯಕೂಡದು.) ಈಗ ಆ ಸ್ಥಾನಕ್ಕೆ ಸಂಬಳದ ಪರಿಚಾರಕಿಯರು ಬರುವರು. ಇದು ತಪ್ಪೂ ಅಲ್ಲ, ನಾಚಿಕೆಗೇಡೂ ಅಲ್ಲ. ಆದರೆ ಸೋದರತ್ತೆಯನ್ನು ನಾವು ಹುಟ್ಟಿದಂದಿನಿಂದ ಬಲ್ಲೆವು. ಈಕೆಯನ್ನು ನಿನ್ನೆಯವರೆಗೆ ಕಂಡವರಲ್ಲ.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುವೆವು. 2022ರಲ್ಲಿ ನಮ್ಮ ಅತ್ತೆಯವರು ಜಾರಿಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಂಡರು. ಆಗ ಅವರಿಗೆ 81 ವರ್ಷ. ಶಸ್ತ್ರಕ್ರಿಯೆಯಾಗಿ ಶನಿವಾರ ಬೆಂಗಳೂರಿನ ನಮ್ಮ ಮನೆಗೆ ಕರೆತಂದೆವು. ಪರಿಚಾರಕಿಯರನ್ನು ಒದಗಿಸುವ ಏಜೆನ್ಸಿಯೊಂದರವರು ನಲವತ್ತು ದಾಟಿದ ಹೆಂಗಸೊಬ್ಬರ ಭಾವಚಿತ್ರವನ್ನೂ, ತರಬೇತಿಯ ಪತ್ರವನ್ನೂ, ಪೊಲೀಸು ಪರಿಶೀಲನೆಯಾಗಿದೆಯೆಂಬ ಕಾಗದವನ್ನೂ ಮೊಬೈಲಿಗೆ ಕಳುಹಿಸಿದರು. ನೋಡಿ ಸಂತೋಷಪಟ್ಟು ಮುಂಗಡ ಕೊಟ್ಟೆವು. ಭಾನುವಾರ ಸಂಜೆ ಬಾಗಿಲಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದವಳು ಇಪ್ಪತ್ತರ ಹುಡುಗಿ! ಏಜೆನ್ಸಿಗೆ ಕೇಳಿದರೆ, "ಅವರಿಗೆ ಮೈ ಸರಿಯಿಲ್ಲ, ಇವಳೂ ಅದೇ ತರಬೇತಿ ಆದವಳೇ" ಎಂದರು. ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ ನಾವು ಒಪ್ಪಿಕೊಂಡು ಅವಳಿಗೆ ಹಾಸಿಗೆ ಹಾಸಿಕೊಟ್ಟೆವು.

ಮೂರನೆಯ ದಿನ ಅವಳು ಅತ್ತೆಯವರನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಮರೆತುಬಂದ ಟವಲನ್ನು ತರಲೆಂದು ಹೊರಗೆ ಬಂದಳು. ಬಂದು ಹೋದುದು ಅರ್ಧ ನಿಮಿಷವಿರಬಹುದು. ಅಷ್ಟರಲ್ಲಿ ಅತ್ತೆಯವರು ಪಕ್ಕಕ್ಕೆ ಜಾರಿ ಗೋಡೆಗೆ ತಗುಲಿದ್ದರು. ಜೋಡಿಸಿದ ಮೂಳೆಗೆ ಪೆಟ್ಟಾಗದಿದ್ದುದು ನಮ್ಮ ಪುಣ್ಯ. ತೋಳಿನ ನೀಲಿ ಗಾಯವು ಮಾಯಲು ಮೂರು ವಾರ ಹಿಡಿಯಿತು. ಆ ರಾತ್ರಿ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಭಾನುವಾರವೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆವು. ಅವಳು ರಾಯಚೂರಿನ ಕಡೆಯ ಹಳ್ಳಿಯಿಂದ ಬಂದು ಎಂಟೇ ದಿನವಾಗಿದ್ದಿತು. ರೋಗಿಯನ್ನು ಎತ್ತಿ ಕೂರಿಸಿದ್ದು ನಮ್ಮ ಮನೆಯಲ್ಲಿಯೇ ಮೊದಲು. ತನ್ನ ಹೆಸರಿನಲ್ಲಿ ಯಾರ ಕಾಗದವನ್ನು ತೋರಿಸಿದ್ದರೆಂಬುದು ಅವಳಿಗೆ ತಿಳಿದೇ ಇರಲಿಲ್ಲ. "ನನ್ನ ಯಾರೂ ಏನೂ ಕೇಳಲಿಲ್ರೀ ಅಮ್ಮಾ" ಎಂದು ಅತ್ತಳು. ಅವಳ ಮೇಲೆ ನಮಗೆ ಕೋಪ ಬರಲಿಲ್ಲ. ಬಸ್ಸಿನ ಖರ್ಚು ಕೊಟ್ಟು ಊರಿಗೆ ಕಳುಹಿಸಿದೆವು. ಮುಂಗಡವು ಹಿಂದಕ್ಕೆ ಬರಲಿಲ್ಲ.

ನಾವು ಕಾಗದವನ್ನು ಪರೀಕ್ಷಿಸಿದ್ದೆವು, ಮನುಷ್ಯರನ್ನಲ್ಲ. ಬಂದವರೂ ಕಾಗದದಲ್ಲಿರುವವರೂ ಒಬ್ಬರೇ ಎಂಬುದನ್ನು ಮೊದಲು ತಿಳಿಯಬೇಕು. ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯಿಂದ ಇದು ಸಾಧ್ಯವಿಲ್ಲ. ಜೆರಾಕ್ಸಿನಲ್ಲಿ ಯಾವ ಮುಖವನ್ನು ಬೇಕಾದರೂ ಅಂಟಿಸಬಹುದು. ಕಾರ್ಡಿನ ಮೇಲಿನ ಚೌಕಾಕಾರದ ಕ್ಯೂ.ಆರ್. ಗುರುತನ್ನು ಆಧಾರ್ ಪ್ರಾಧಿಕಾರದವರೇ ಒದಗಿಸಿರುವ ಆ್ಯಪಿನಿಂದ ಓದಿಸಿದರೆ, ಪ್ರಾಧಿಕಾರದ ಸಹಿಯುಳ್ಳ ಹೆಸರೂ ಭಾವಚಿತ್ರವೂ ಕಾಣುವುದು. ಅದನ್ನು ಎದುರಿಗಿರುವ ಮುಖದೊಡನೆ ಹೋಲಿಸಿ ನೋಡತಕ್ಕದ್ದು. ಪೂರ್ಣ ಸಂಖ್ಯೆಯು ನಮಗೆ ಬೇಕಾಗಿಲ್ಲ. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯು ಸಾಕು. ಮೂಲ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಬಿಟ್ಟುಹೋಗದಂತೆ ಕಟ್ಟಿಹಾಕುವ ಪದ್ಧತಿ ಕೆಲವು ಮನೆಗಳಲ್ಲಿ ಉಂಟು. ಅದು ಬಹಳ ಹೀನವಾದುದು. ಇಷ್ಟಾದರೂ ಆಧಾರ್ ಹೇಳುವುದು ಈಕೆ ಇಂಥವಳೆಂದು ಮಾತ್ರವೇ ಹೊರತು ಎಂಥವಳೆಂದಲ್ಲ.

ಪೊಲೀಸು ಪರಿಶೀಲನೆಯ ವಿಚಾರವಾಗಿ ಗೃಹಸ್ಥರಲ್ಲಿ ಎರಡು ವಿಧದ ತಪ್ಪು ಭಾವನೆಗಳುಂಟು. ಠಾಣೆಯ ಸಹವಾಸವೇ ಬೇಡವೆಂಬುದು ಒಂದು. ಅಲ್ಲಿಂದ ಕಾಗದ ಬಂದರೆ ಇನ್ನು ಕಣ್ಣು ಮುಚ್ಚಿ ಮಲಗಬಹುದೆಂಬುದು ಇನ್ನೊಂದು. ಮನೆಗೆಲಸದವರ ಪೂರ್ವವೃತ್ತವನ್ನು ಪರಿಶೀಲಿಸಿಕೊಡಬೇಕೆಂದು ನಮ್ಮ ರಾಜ್ಯದಲ್ಲಿ ಸೇವಾ ಸಿಂಧು ಎಂಬ ಸರ್ಕಾರದ ಜಾಲತಾಣದ ಮೂಲಕ ಅರ್ಜಿ ಹಾಕಿಕೊಳ್ಳಬಹುದು. ಇದಕ್ಕಾಗಿ ಯಾರ ಕೈಕಾಲನ್ನೂ ಹಿಡಿಯಬೇಕಾಗಿಲ್ಲ. ಆದರೆ ಇದಕ್ಕೆ ದಿನಗಳು ಹಿಡಿಯುವುವು. ಆದುದರಿಂದ ರೋಗಿಯು ಆಸ್ಪತ್ರೆಗೆ ಸೇರಿದ ದಿನವೇ ಪರಿಚಾರಕಿಯನ್ನು ಹುಡುಕಲು ಆರಂಭಿಸುವುದು ವಿವೇಕ. ಅಲ್ಲದೆ ಪೊಲೀಸರ ದಾಖಲೆಯಲ್ಲಿ ಇರುವುದು ದೂರಾಗಿ ಬಂದ ಪ್ರಕರಣಗಳು ಮಾತ್ರ. ಮುದುಕರ ಮೇಲೆ ಕೈ ಮಾಡಿದವರನ್ನು ಹೆಚ್ಚಿನ ಮನೆಗಳಲ್ಲಿ ಸದ್ದಿಲ್ಲದೆ ಲೆಕ್ಕ ತೀರಿಸಿ ಕಳುಹಿಸಿಬಿಡುವರು. ಅವರು ಮರುದಿನ ಶುದ್ಧವಾದ ಕಾಗದದೊಡನೆ ಮತ್ತೊಂದು ಮನೆಯ ಬಾಗಿಲಲ್ಲಿರುವರು. ಈಗ ನ್ಯಾಯಾಲಯಗಳ ಮೊಕದ್ದಮೆಗಳನ್ನು ಹೆಸರಿನಿಂದ ಹುಡುಕುವ ಸೌಕರ್ಯವೂ ಅಂತರ್ಜಾಲದಲ್ಲಿ ಉಂಟು. ಆದರೆ ಲಕ್ಷ್ಮಿ, ಮಂಜುಳಾ ಎಂಬ ಹೆಸರುಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ? ತಂದೆಯ ಹೆಸರೂ ಊರೂ ಕೂಡಿಬರದೆ ಒಬ್ಬಳ ಪಾಪವನ್ನು ಇನ್ನೊಬ್ಬಳ ತಲೆಗೆ ಕಟ್ಟುವುದು ಮಹಾಪರಾಧ.

‘ನರ್ಸ್’ ಎಂಬ ಮಾತನ್ನು ಕುರಿತು ಎರಡು ಮಾತು. ಬಿಳಿಯ ಉಡುಪು ಧರಿಸಿ ಬಂದವರೆಲ್ಲರೂ ನರ್ಸುಗಳಲ್ಲ. ಎ.ಎನ್.ಎಂ. ಎರಡು ವರ್ಷದ, ಜಿ.ಎನ್.ಎಂ. ಮೂರು ವರ್ಷದ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ವ್ಯಾಸಂಗ. ಇವುಗಳನ್ನು ಮುಗಿಸಿದವರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡು ಸಂಖ್ಯೆಯನ್ನು ಪಡೆದಿರುವರು. ಮೂಗಿನ ನಳಿಗೆಯಿಂದ ಆಹಾರ ಕೊಡುವುದು, ಮೂತ್ರದ ನಳಿಗೆಯನ್ನು ಬದಲಿಸುವುದು, ರಕ್ತನಾಳಕ್ಕೆ ಇಂಜೆಕ್ಷನ್ ಹಾಕುವುದು ಮುಂತಾದ ಕೆಲಸಗಳಿದ್ದರೆ ಆ ಸಂಖ್ಯೆಯನ್ನು ಕೇಳಿ ಕೌನ್ಸಿಲಿನಲ್ಲಿ ವಿಚಾರಿಸಿಯೇ ತೀರಬೇಕು. ಸ್ನಾನ, ಊಟ, ಮಗ್ಗುಲು ಬದಲಿಸುವುದು, ನಡೆದಾಡಿಸುವುದು ಇಷ್ಟೇ ಆದರೆ ಅಂತಹ ಪದವಿಯು ಬೇಕಾಗಿಲ್ಲ. ಅಭ್ಯಾಸವೂ ತಾಳ್ಮೆಯೂ ಬೇಕು. ಅದನ್ನು ಕಾಗದದಲ್ಲಿ ಹುಡುಕಬೇಡಿರಿ. ಹಾಸಿಗೆಯಿಂದ ಕುರ್ಚಿಗೆ ರೋಗಿಯನ್ನು ನಿಮ್ಮೆದುರಿಗೆ ಒಂದು ಸಾರಿ ಕೂರಿಸಲು ಹೇಳಿರಿ. ತಿಳಿದವಳು ಮೊದಲು ಕುರ್ಚಿಯನ್ನು ಹತ್ತಿರಕ್ಕೆ ತಂದು, ಅದು ಜಾರುವುದೋ ಎಂದು ನೋಡಿ, ಅನಂತರ ರೋಗಿಗೆ "ಈಗ ಏಳೋಣವೇ?" ಎಂದು ಹೇಳಿ ಕೈ ಹಾಕುವಳು. ತಿಳಿಯದವಳು ನೇರವಾಗಿ ಕಂಕುಳಿಗೆ ಕೈ ಹಾಕಿ ಎಳೆಯುವಳು.

ಎಲ್ಲಕ್ಕಿಂತ ಬೆಲೆಯುಳ್ಳ ವಿಚಾರಣೆ ಯಾವುದೆಂದರೆ, ಹಿಂದೆ ಕೆಲಸ ಮಾಡಿದ ಮನೆಯವರೊಡನೆ ಮಾತನಾಡುವುದು. ಇದರಲ್ಲಿಯೂ ಮೋಸವುಂಟು. ಏಜೆನ್ಸಿಯವರು ಕೊಡುವ ನಂಬರು ಅವರ ಸ್ನೇಹಿತರದೇ ಆಗಿರಬಹುದು. "ಬಹಳ ಒಳ್ಳೆಯವಳು, ಧಾರಾಳವಾಗಿ ಇಟ್ಟುಕೊಳ್ಳಿ" ಎಂಬ ಉತ್ತರವು ಸಿದ್ಧವಾಗಿಯೇ ಇರುವುದು. ಆದುದರಿಂದ ಒಳ್ಳೆಯವಳೋ ಕೆಟ್ಟವಳೋ ಎಂದು ಕೇಳದೆ, ಆ ಮನೆಯಲ್ಲಿ ಇದ್ದವರಿಗೆ ಮಾತ್ರ ಗೊತ್ತಿರುವುದನ್ನು ಕೇಳಬೇಕು. ರೋಗಿಗೆ ಏನಾಗಿದ್ದಿತು? ರಾತ್ರಿ ಎಷ್ಟು ಸಾರಿ ಏಳುತ್ತಿದ್ದರು? ಊಟಕ್ಕೆ ಏನು ಕೊಡುತ್ತಿದ್ದಳು? ಕೆಲಸ ಬಿಟ್ಟುದು ಏತಕ್ಕೆ? ಇದೇ ಪ್ರಶ್ನೆಗಳನ್ನು ಪರಿಚಾರಕಿಗೂ ಹಾಕಿ ಎರಡು ಉತ್ತರಗಳು ಕೂಡುವುವೋ ನೋಡತಕ್ಕದ್ದು. ಕೊನೆಗೆ, "ನಿಮ್ಮ ಮನೆಗೆ ಮತ್ತೆ ಇವರನ್ನೇ ಕರೆಯುವಿರಾ?" ಎಂದು ಕೇಳಿ ಸುಮ್ಮನಿರಬೇಕು. ಆ ಪ್ರಶ್ನೆಗೆ ಬರುವ ಉತ್ತರಕ್ಕಿಂತ ಉತ್ತರಕ್ಕೆ ಮುಂಚಿನ ಮೌನವು ಹೆಚ್ಚು ತಿಳಿಸುವುದೆಂದು ನಮ್ಮ ಅನುಭವ.

ಪೂರ್ವೋತ್ತರವೆಂದರೆ ಜಾತಿಯೆಂದು ತಿಳಿದವರು ಇನ್ನೂ ಇರುವರು. ಮಲಮೂತ್ರವನ್ನು ಬಳಿಯುವ ಕೈಯ ಜಾತಿಯನ್ನು ಕೇಳುವ ಬಾಯಿಗೆ ಏನೆನ್ನಬೇಕೋ ನಾವರಿಯೆವು. ಕೇಳಲೇಬೇಕಾದುದು ವಯಸ್ಸು. 14 ವರ್ಷ ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ಕಾನೂನಿನಿಂದ ನಿಷಿದ್ಧವಾಗಿದೆ. ಆ ವಯಸ್ಸು ದಾಟಿದ ಎಳೆಯರಿಗೂ ಈ ಭಾರವು ತಕ್ಕುದಲ್ಲ. ಕ್ಷಯದ ಪರೀಕ್ಷೆಯನ್ನು ನಮ್ಮ ಖರ್ಚಿನಲ್ಲಿಯೇ ಮಾಡಿಸಬಹುದು. ರೋಗಿಗೆ ಅಂಟುರೋಗವಿದ್ದರೆ ಅದನ್ನು ಆಕೆಗೆ ಮುಚ್ಚಿಡಬಾರದು.

ಒಡವೆ ವಸ್ತುಗಳ ಪಟ್ಟಿಯನ್ನು ಮೊದಲೇ ಬರೆದು ಬೀಗ ಹಾಕಿಡುವುದು ಆಕೆಯ ಮೇಲಿನ ಸಂಶಯದಿಂದಲ್ಲ, ಆಕೆಯ ರಕ್ಷಣೆಗಾಗಿಯೂ ಅವಶ್ಯಕ. ಮರೆವಿನ ರೋಗದವರು ತಾವೇ ಎಲ್ಲಿಯೋ ಇಟ್ಟ ಉಂಗುರವನ್ನು ಹತ್ತಿರದಲ್ಲಿರುವವರು ಕದ್ದರೆಂದು ಹೇಳುವುದು ಆ ರೋಗದ ಸಾಮಾನ್ಯ ಲಕ್ಷಣ. ನಮ್ಮ ಪರಿಚಿತರ ಮನೆಯೊಂದರಲ್ಲಿ ಎರಡು ವರ್ಷ ಸೇವೆ ಮಾಡಿದ ಹೆಂಗಸನ್ನು ಹೀಗೆ ಹೊರಗೆ ಹಾಕಿದ ಮೇಲೆ ಸರವು ಅಕ್ಕಿಯ ಡಬ್ಬದಲ್ಲಿ ದೊರೆಯಿತು. ಇನ್ನು ಈಚಿನ ತಿಜೋರಿಯು ಮೊಬೈಲು. ಹಿರಿಯರ ಫೋನಿನಲ್ಲಿಯೇ ಬ್ಯಾಂಕು ಇರುವಾಗ, ಅದರ ಗುಟ್ಟಿನ ಸಂಖ್ಯೆಯನ್ನು ಹೇಳಿ "ಸ್ವಲ್ಪ ಹಾಲಿನವನಿಗೆ ದುಡ್ಡು ಹಾಕಮ್ಮ" ಎನ್ನುವುದು ಬೀರುವಿನ ಬೀಗದ ಕೈ ಕೊಟ್ಟಂತೆಯೇ. ದಿನವೆಚ್ಚಕ್ಕೆ ಬೇರೆ ಹಣವನ್ನು ಇಟ್ಟು ಲೆಕ್ಕ ಬರೆಯಿಸುವುದು ಲೇಸು.

ಕ್ಯಾಮೆರಾ ಇಡುವುದಾದರೆ ಆಕೆಗೆ ತಿಳಿಸಿಯೇ ನಡುಮನೆಯಲ್ಲಿಡಬೇಕು. ಸ್ನಾನಮಾಡುವ, ಬಟ್ಟೆ ಬದಲಿಸುವ ಸ್ತ್ರೀಯನ್ನು ಗುಟ್ಟಾಗಿ ಚಿತ್ರಿಸುವುದು ಅಪರಾಧ. ಆದರೆ ಕ್ಯಾಮೆರಾಕ್ಕಿಂತ ಉತ್ತಮವಾದುದು, ಗೊತ್ತಿಲ್ಲದ ಹೊತ್ತಿನಲ್ಲಿ ಮನೆಗೆ ಬರುವ ನೆರೆಯವರೊಬ್ಬರು. ತೋಳಿನ ಮೇಲೆ ಬೆರಳಿನ ಗುರುತು, ಹಗಲೆಲ್ಲ ಕಾರಣವಿಲ್ಲದ ಮಂಪರು, ಪರಿಚಾರಕಿ ಒಳಗೆ ಬಂದೊಡನೆ ರೋಗಿಯ ಮಾತು ನಿಲ್ಲುವುದು ಇವುಗಳನ್ನು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಿರಿಯರ ಸಹಾಯಕ್ಕೆ 14567 ಎಂಬ ಟೆಲಿಫೋನು ಸಂಖ್ಯೆಯೂ, ತುರ್ತಿಗೆ 112 ಸಂಖ್ಯೆಯೂ ಇರುವುವು. ಇವನ್ನು ಹಿರಿಯರ ಹಾಸಿಗೆಯ ಬಳಿ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ.

ನಮ್ಮ ಮನೆಗೆ ಎರಡನೆಯ ಸಾರಿ ಬಂದಾಕೆಯನ್ನು ಹತ್ತು ದಿನ ಕಾದು, ಹಿಂದಿನ ಎರಡು ಮನೆಗಳಲ್ಲಿ ವಿಚಾರಿಸಿ ಗೊತ್ತುಮಾಡಿದೆವು. ಆ ಹತ್ತು ದಿನ ನಮ್ಮ ಯಜಮಾನರು ರಜೆ ಹಾಕಿದರು. ಆಕೆ ಬಂದವಳೇ ಚೀಲವನ್ನು ಕೆಳಗಿಡಲಿಲ್ಲ. ತಾನು ಮಲಗುವ ಸ್ಥಳವನ್ನು ನೋಡಿದಳು; ಬಚ್ಚಲಿನ ಒಳಗಿನ ಚಿಲಕವನ್ನು ಹಾಕಿ ತೆಗೆದು ನೋಡಿದಳು; ಮನೆಯಲ್ಲಿ ಗಂಡಸರು ಎಷ್ಟು ಮಂದಿ, ವಾರದ ರಜೆ ಯಾವಾಗ, ರಾತ್ರಿ ಎದ್ದರೆ ಹಗಲು ನಿದ್ದೆಗೆ ಎಷ್ಟು ಹೊತ್ತು ಎಂದು ಕೇಳಿದಳು. ಹಿಂದಿದ್ದ ಹುಡುಗಿ ಏತಕ್ಕೆ ಹೋದಳೆಂದೂ ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿದ ಮೇಲೆ, "ನನ್ನ ಆಧಾರ್ ನೋಡಿದಿರಲ್ಲಮ್ಮ, ನಿಮ್ಮದೂ ಒಂದು ಪ್ರತಿ ಕೊಡಿ" ಎಂದಳು. ನಮ್ಮ ಯಜಮಾನರು ಒಂದು ಕ್ಷಣ ನಮ್ಮ ಮುಖ ನೋಡಿ, ಒಳಗೆ ಹೋಗಿ ತಂದುಕೊಟ್ಟರು. ಆಕೆ ಅದರ ಜೊತೆಗೆ ಬಾಗಿಲಿನ ನಂಬರಿನ ಚಿತ್ರವನ್ನೂ ತೆಗೆದು ಊರಿನಲ್ಲಿದ್ದ ಅಣ್ಣನಿಗೆ ಕಳುಹಿಸಿದಳು. ಅನಂತರ ಚೀಲವನ್ನು ಮೂಲೆಯಲ್ಲಿಟ್ಟು, ಕೈ ತೊಳೆದುಕೊಂಡು ಬಂದು, ಅತ್ತೆಯವರ ಹಾಸಿಗೆಯ ಬಳಿ ಕುಳಿತು, ಎಡಮಗ್ಗುಲಿಗೆ ಮಲಗುವುದು ಅವರಿಗೆ ಹಿತವೋ ಬಲಮಗ್ಗುಲಿಗೋ ಎಂದು ಅವರನ್ನೇ ಕೇಳಿದಳು.