ಎರಡು ವರ್ಷದ ಹುದ್ದೆ, ಹತ್ತು ವರ್ಷದ ಕವಾಟ

ಕುಂಭಾಶಿಯ ಓದುಗರೊಬ್ಬರು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. ಅವರ ಮಗಳು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮುಗಿಸಿ, ಈಗ ವಿಶ್ವವಿದ್ಯಾಲಯವೊಂದರ ಪೋಸ್ಟ್‌ಡಾಕ್ ಹುದ್ದೆಗೆ ಅರ್ಜಿ ಹಾಕಿದ್ದಾರೆ. ಆನೆಗುಡ್ಡೆ ದೇವಸ್ಥಾನದಲ್ಲಿ ಸಿಕ್ಕ ನೆಂಟರಿಷ್ಟರದ್ದೆಲ್ಲ ಒಂದೇ ಮಾತಂತೆ: "ಪಿಎಚ್‌ಡಿ ಮುಗೀತಲ್ದಾ, ಇನ್ನೂ ಎಂತ ಓದುದ್ ಮಾರಾಯ್ರೆ?" ತಂದೆಗೆ ಉತ್ತರ ಗೊತ್ತಿಲ್ಲ. ಮಗಳು ಹೇಳಿದ್ದು ಅವರಿಗೆ ಪೂರ್ತಿ ತಿಳಿದಿಲ್ಲ. ಇದು ಓದೋ, ನೌಕರಿಯೋ?

ನೌಕರಿಯೇ. ಪರೀಕ್ಷೆ ಇಲ್ಲ, ಕೊನೆಗೆ ಇನ್ನೊಂದು ಪದವಿಯೂ ಸಿಗುವುದಿಲ್ಲ. ಸ್ವತಂತ್ರವಾಗಿ ಸಂಶೋಧನೆ ಮಾಡಬಲ್ಲೆ ಎಂದು ಪಿಎಚ್‌ಡಿಯಲ್ಲಿ ತೋರಿಸಿಕೊಟ್ಟವರು ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಸಂಬಳಕ್ಕೆ ನಿಂತು ಪೂರ್ಣಾವಧಿ ಸಂಶೋಧನೆ ಮಾಡುವ ಗುತ್ತಿಗೆ ಹುದ್ದೆ ಇದು. ಈ ಪದ್ಧತಿಗೆ ನೂರು ವರ್ಷ ಕಳೆದಿದೆ. 1919ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಭೌತ ಮತ್ತು ರಸಾಯನ ವಿಜ್ಞಾನಗಳಲ್ಲಿ ಇಂಥ ಫೆಲೋಶಿಪ್‌ಗಳನ್ನು ಆರಂಭಿಸಿತು. ಹೊಸದಾಗಿ ಡಾಕ್ಟರೇಟ್ ಪಡೆದವರ ಮೇಲೆ ಪಾಠದ ಹೊರೆ, ಆಡಳಿತದ ಹೊರೆ ಬೀಳುವ ಮುಂಚೆ ಒಂದಷ್ಟು ಕಾಲ ಸಂಶೋಧನೆಯೊಂದನ್ನೇ ಮಾಡಲಿ ಎಂಬುದು ಅದರ ಉದ್ದೇಶ. ನಮ್ಮಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ನ ಅವಧಿ ಎರಡು ವರ್ಷ. ಯೋಜನೆಗಳಡಿ ಬರುವ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 58,000ದಿಂದ 67,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಹೆಚ್ಚಿನವು ವರ್ಷವರ್ಷಕ್ಕೆ ನವೀಕರಣವಾಗುವ ಗುತ್ತಿಗೆಗಳು.

ಆ ಎರಡು ವರ್ಷ ಎಂಬ ಅವಧಿಯ ಬಗ್ಗೆಯೇ ನನಗೆ ಹೇಳಬೇಕಾದದ್ದಿದೆ. ಬೇರೆ ಕೆಲವು ವಿಜ್ಞಾನಗಳಿಗೆ ಅಷ್ಟು ಸಾಕಾಗಬಹುದು, ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ ಸಾಲದು. ಏಕೆ ಎನ್ನುವುದಕ್ಕೆ ಒಂದು ಕವಾಟದ ಕಥೆ ಹೇಳಬೇಕು. ಅದನ್ನು ಮಾಡಿಸಿದವರು ಬದುಕಿನ ಕೊನೆಯ ಮೂರು ದಶಕಗಳನ್ನು ಕಳೆದದ್ದು ಕುಂಭಾಶಿಯಿಂದ ಬಸ್ಸಿನಲ್ಲಿ ಗಂಟೆಯ ದಾರಿಯ ಮಣಿಪಾಲದಲ್ಲಿ.

ಕರಾವಳಿಯವರಿಗೆ ಕಿಂಡಿ ಅಣೆಕಟ್ಟು ಗೊತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಸಮುದ್ರಕ್ಕೆ ಹರಿಯುತ್ತದೆ. ಆಗ ಕಿಂಡಿಗಳೆಲ್ಲ ತೆರೆದಿರುತ್ತವೆ. ಮಳೆ ನಿಂತು ಹೊಳೆಯ ಸೆಳೆತ ಇಳಿದ ಮೇಲೆ, ಉಬ್ಬರದ ಹೊತ್ತಿಗೆ ಉಪ್ಪುನೀರು ಹಿಂದಕ್ಕೆ ನುಗ್ಗಿ ಗದ್ದೆಗೂ ಬಾವಿಗೂ ಸೇರುತ್ತದೆ. ಅದಕ್ಕೆ ಮುಂಚೆಯೇ ಕಿಂಡಿಗೆ ಹಲಗೆ ಇಳಿಸಬೇಕು. ಹಲಗೆ ಸೀಳಿದ್ದರೆ ಉಪ್ಪುನೀರು ಒಳಗೆ ಬರುತ್ತದೆ, ಹಲಗೆ ಸಿಕ್ಕಿಕೊಂಡು ಮೇಲೇಳದಿದ್ದರೆ ಮುಂದಿನ ಮಳೆಗೆ ಹೊಳೆ ಕಟ್ಟಿಕೊಂಡು ತೋಟ ಮುಳುಗುತ್ತದೆ. ಹೃದಯದ ನಾಲ್ಕು ಕವಾಟಗಳ ಕೆಲಸವೂ ಇಷ್ಟೇ: ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬಾರದಂತೆ ತಡೆಯುವುದು. ಚಿಕ್ಕಂದಿನಲ್ಲಿ ಬಂದ ಗಂಟಲುನೋವಿಗೆ ಸರಿಯಾಗಿ ಮದ್ದು ಮಾಡದೆ ರುಮ್ಯಾಟಿಕ್ ಜ್ವರ ತಗಲಿದರೆ, ದೇಹದ ರಕ್ಷಣಾ ವ್ಯವಸ್ಥೆ ರೋಗಾಣುವಿನ ಮೇಲೆ ಎತ್ತಿದ ಕೈಯನ್ನು ಸ್ವಂತ ಕವಾಟದ ಮೇಲೂ ಬೀಸುತ್ತದೆ. ಹಲವು ವರ್ಷಗಳ ಬಳಿಕ ಕವಾಟ ಗಡುಸಾಗಿ ಅಂಟಿಕೊಳ್ಳುತ್ತದೆ ಇಲ್ಲವೇ ಸೋರುತ್ತದೆ. ರಕ್ತ ಶ್ವಾಸಕೋಶದ ಕಡೆ ಕಟ್ಟಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲದಂತಾಗುತ್ತದೆ.

ಅಣೆಕಟ್ಟಿನ ಹಲಗೆಯನ್ನು ವರ್ಷಕ್ಕೊಮ್ಮೆ ಹಾಕಿ ತೆಗೆದರಾಯಿತು. ಹೃದಯದ ಹಲಗೆಗೆ ಕಾವಲುಗಾರನಿಲ್ಲ. ರಕ್ತದ ಒತ್ತಡವೇ ಅದನ್ನು ತೆರೆಯಬೇಕು, ಮುಚ್ಚಬೇಕು. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ 1,03,680 ಸಲ, ವರ್ಷಕ್ಕೆ ಮೂರು ಕೋಟಿ 78 ಲಕ್ಷ ಸಲ. ಹತ್ತು ವರ್ಷಕ್ಕೆ ಸುಮಾರು 38 ಕೋಟಿ! ಅದೂ ಉಪ್ಪಿನಂಶವಿರುವ, ಲೋಹವನ್ನು ತಿನ್ನಬಲ್ಲ ರಕ್ತದಲ್ಲಿ. ಎಲ್ಲಾದರೂ ಹರಿವು ತಂಗಿದರೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಇಂಥ ಹಲಗೆಯನ್ನು ವೈದ್ಯರೊಬ್ಬರೇ ಮಾಡಲಾರರು. ರಕ್ತ ಹೇಗೆ ವರ್ತಿಸುತ್ತದೆಂದು ಅವರಿಗೆ ಗೊತ್ತು, ಲೋಹ ಹೇಗೆ ದಣಿದು ಬಿರಿಯುತ್ತದೆಂದು ಗೊತ್ತಿಲ್ಲ. ಎಂಜಿನಿಯರ್ ಒಬ್ಬರೇ ಮಾಡಲಾರರು, ಅವರಿಗೆ ಗೊತ್ತಿಲ್ಲದ್ದು ರಕ್ತ.

1958ರಲ್ಲಿ ಲೋವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರ್ ಅಮೆರಿಕದ ಒರೆಗಾನ್‌ನ ತರುಣ ಶಸ್ತ್ರಚಿಕಿತ್ಸಕ ಆಲ್ಬರ್ಟ್ ಸ್ಟಾರ್ ಅವರಲ್ಲಿಗೆ ಹೋಗಿ, ಕೃತಕ ಹೃದಯವನ್ನೇ ಮಾಡೋಣ ಎಂದರು. ವಿಮಾನದ ಇಂಧನ ಪಂಪುಗಳಲ್ಲಿ ಪಳಗಿದ ಅವರಿಗೆ ಹೃದಯವೂ ಒಂದು ಪಂಪಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಟಾರ್ ಅದನ್ನು ತಳ್ಳಿಹಾಕಲಿಲ್ಲ, ಮೊದಲು ಒಂದು ಕವಾಟದಿಂದ ಶುರುಮಾಡೋಣ ಎಂದರು. 1960ರಲ್ಲಿ ಅವರ ಗೋಲಿ ಕವಾಟ ರೋಗಿಯ ಎದೆಯಲ್ಲಿ ಕೂತಿತು. ಲೋಹದ ಪುಟ್ಟ ಪಂಜರ, ಅದರೊಳಗೆ ಮೇಲೆ ಕೆಳಗೆ ಆಡುವ ಸಿಲಿಕೋನ್ ಗೋಲಿ.

ನಮ್ಮ ದೇಶದ ಕವಾಟ ಬಂದದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಿಂದ. ಅದನ್ನು ಮಾಡಿಸಿದ ಡಾ. ಎಂ. ಎಸ್. ವಲಿಯತ್ತಾನ್ ಹೃದಯ ಶಸ್ತ್ರಚಿಕಿತ್ಸಕರು. ಅಮೆರಿಕದ ಜಾರ್ಜ್‌ಟೌನ್‌ನಲ್ಲಿ, 1952ರಷ್ಟು ಹಿಂದೆಯೇ ಮನುಷ್ಯನಿಗೆ ಕೃತಕ ಕವಾಟ ಜೋಡಿಸಿದ್ದ ಚಾರ್ಲ್ಸ್ ಹಫ್ನಾಗೆಲ್ ಅವರ ಬಳಿ ಪಳಗಿದವರು. ಊರಿಗೆ ಮರಳಿದಾಗ ಅವರ ಮುಂದಿದ್ದವರು ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ ಬಡ ತರುಣರು. ಆಮದು ಕವಾಟದ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ವಲಿಯತ್ತಾನ್ ಆಸ್ಪತ್ರೆಯ ಜೊತೆಗೇ ತಂತ್ರಜ್ಞಾನ ವಿಭಾಗವೊಂದನ್ನು ಕಟ್ಟಿದರು. ಅದಕ್ಕೆ ಜಾಗವಾದದ್ದು ತಿರುವಾಂಕೂರು ರಾಜಮನೆತನ ಬಿಟ್ಟುಕೊಟ್ಟ ಪೂಜಪ್ಪುರದ ಅರಮನೆ. ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಮತ್ತು ಸಂಗಡಿಗರು ಅಲ್ಲಿ ಕೆಲಸಕ್ಕೆ ಕೂತದ್ದು 1970ರ ದಶಕದ ಉತ್ತರಾರ್ಧದಲ್ಲಿ.

ಮೊದಲ ಮೂರು ಮಾದರಿಗಳೂ ಸೋತವು. ಒಂದೊಂದು ಸೋಲಿಗೆ ಒಂದೊಂದು ಕಾರಣ. ಇವುಗಳಲ್ಲಿ ನನಗೆ ಹೆಚ್ಚು ಕಾಡುವುದು ನೀಲಮಣಿಯ ಬಿಲ್ಲೆ. ಕೃತಕವಾಗಿ ಬೆಳೆಸಿದ ನೀಲಮಣಿ ಬಹಳ ಗಟ್ಟಿ, ಸವೆಯುವುದು ಕಡಿಮೆ, ರಕ್ತಕ್ಕೂ ಹಿತ. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ. ಆದರೆ ಕುರಿಯ ಹೃದಯದಲ್ಲಿ ಆ ಬಿಲ್ಲೆ ಒಡೆದುಹೋಯಿತು. ಗಟ್ಟಿಯಾದದ್ದು ಪೆಡಸೂ ಹೌದು. ಮತ್ತೆ ಮೊದಲಿಂದ ಯೋಚನೆ. ಕೊನೆಗೆ ಗೆದ್ದದ್ದು, ಕೃತಕ ಸೊಂಟದ ಕೀಲಿನಲ್ಲಿ ಆಗಲೇ ಬಳಕೆಯಲ್ಲಿದ್ದ ವಿಶೇಷ ಬಗೆಯ ಪಾಲಿಥಿನ್‌ನ ಬಿಲ್ಲೆ. ಅದನ್ನು ಹಿಡಿದಿಡಲು, ಜೆಟ್ ಎಂಜಿನ್‌ನಲ್ಲಿ ಬಳಸುವಂಥ ಕೋಬಾಲ್ಟ್ ಮಿಶ್ರಲೋಹವನ್ನು ಇಡಿಯಾಗಿ ಕೊರೆದು ಮಾಡಿದ ಚೌಕಟ್ಟು, ಬೆಸುಗೆಯೇ ಇಲ್ಲದ್ದು. ಸುತ್ತ ಹೊಲಿಗೆ ಹಾಕಲು ಪಾಲಿಯೆಸ್ಟರ್ ಬಳೆ. ಪ್ಲಾಸ್ಟಿಕ್ ಬಿಲ್ಲೆಯಾದ್ದರಿಂದ ಟಿಕ್‌ಟಿಕ್ ಸದ್ದೂ ಕಡಿಮೆ.

ಬೆಸುಗೆ ಬೇಡವೆಂದದ್ದು ಎಷ್ಟು ದೊಡ್ಡ ತೀರ್ಮಾನ ಎಂಬುದಕ್ಕೆ ಜಗತ್ತಿನ ಕಣ್ಣೆದುರೇ ಸಾಕ್ಷಿ ಬಂತು. ಬ್ಯೋರ್ಕ್-ಶೈಲಿ ಎಂಬ ಹೆಸರಾಂತ ಕವಾಟದ ಒಂದು ಮಾದರಿಯಲ್ಲಿ ಬೆಸೆದ ಕಂಬಿ ಮುರಿದು ನೂರಾರು ಮಂದಿ ಸತ್ತರು. 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆಯಬೇಕಾಯಿತು.

ಚಿತ್ರಾ ಕವಾಟವನ್ನು ಮೊದಲ ಸಲ ರೋಗಿಗೆ ಜೋಡಿಸಿದ್ದು 1990ರ ಡಿಸೆಂಬರ್ 6ರಂದು. ಟಿಟಿಕೆ ಕಂಪನಿ ಅದನ್ನು ತಯಾರಿಸತೊಡಗಿದ್ದು 1995ರಲ್ಲಿ. ಈವರೆಗೆ ಅದು ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಕೆಲಸ ಮಾಡಿದೆ. ವಲಿಯತ್ತಾನ್ 1990ರ ದಶಕದಲ್ಲಿ ಮಣಿಪಾಲ ಡೀಮ್ಡ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು, ಅಲ್ಲೇ ನೆಲೆಸಿದರು. 2024ರ ಜುಲೈ 17ರಂದು ತೀರಿಕೊಂಡದ್ದೂ ಮಣಿಪಾಲದಲ್ಲೇ.

ಈಗ ಲೆಕ್ಕ ಹಾಕಿ ನೋಡಿ. ಆ ತಂಡದವರೆಲ್ಲ ಎರಡೆರಡು ವರ್ಷದ ಗುತ್ತಿಗೆಯವರಾಗಿದ್ದರೆ? ಮೊದಲ ಮಾದರಿ ಸೋಲುವ ಹೊತ್ತಿಗೆ ಮೊದಲ ತಂಡ ಬೇರೆ ಊರಿನಲ್ಲಿರುತ್ತಿತ್ತು. ನೀಲಮಣಿ ಒಡೆದಾಗ, ಅದನ್ನು ಏಕೆ ಆರಿಸಿದ್ದೆವು ಎಂದು ಹೇಳಬಲ್ಲವರೇ ಉಳಿದಿರುತ್ತಿರಲಿಲ್ಲ. ಸೋತ ಪ್ರಯೋಗದ ನೆನಪನ್ನು ಪತ್ರಿಕೆಗಳು ಅಚ್ಚು ಮಾಡುವುದು ಅಪರೂಪ, ಅದು ಹೆಚ್ಚಾಗಿ ಮನುಷ್ಯರ ತಲೆಯಲ್ಲೇ ಇರುತ್ತದೆ.

ಇಂದಿನ ಗುತ್ತಿಗೆ ಹುದ್ದೆಯ ಒತ್ತಡವೇ ಬೇರೆ. ಎರಡು ವರ್ಷದೊಳಗೆ ನಾಲ್ಕು ಲೇಖನ ಅಚ್ಚಾಗದಿದ್ದರೆ ಮುಂದಿನ ಸಂದರ್ಶನದಲ್ಲಿ ಬೆಲೆಯಿಲ್ಲ. ಹಾಗಾಗಿ ತರುಣ ಸಂಶೋಧಕರು ಕುರಿ, ಕಬ್ಬಿಣ, ಆಸ್ಪತ್ರೆ ಬೇಡುವ ಕೆಲಸ ಬಿಟ್ಟು ಕಂಪ್ಯೂಟರ್ ಮುಂದೆ ಮುಗಿಯುವ ಕೆಲಸ ಹಿಡಿಯುತ್ತಾರೆ. ಕೃತಕ ಬುದ್ಧಿಮತ್ತೆ ಇಸಿಜಿ ನೋಡಿ ಶೇಕಡಾ 99 ನಿಖರವಾಗಿ ಹೃದ್ರೋಗ ಹೇಳುತ್ತದೆ ಎಂಬ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಇಂಥ ಅಸಂಖ್ಯ ಲೇಖನಗಳ ಬುಡದಲ್ಲಿರುವುದು ಎಂಐಟಿ-ಬಿಐಎಚ್ ಎಂಬ ಒಂದೇ ದತ್ತಸಂಗ್ರಹ. 1975ರಿಂದ 1979ರ ನಡುವೆ ಬಾಸ್ಟನ್‌ನ ಆಸ್ಪತ್ರೆಯೊಂದರಲ್ಲಿ 47 ಜನರಿಂದ ಪಡೆದ, ಅರ್ಧರ್ಧ ಗಂಟೆಯ 48 ದಾಖಲೆಗಳು. ಅದನ್ನು ಕಟ್ಟಿದವರು ಮಾಡಿದ ಉಪಕಾರ ದೊಡ್ಡದು. ಆದರೆ ಐವತ್ತು ವರ್ಷ ಹಿಂದಿನ 47 ಬಾಸ್ಟನ್ನಿಗರ ಮೇಲೆ ಗೆದ್ದ ಲೆಕ್ಕ, ಬಿಸಿಲಲ್ಲಿ ಬೆವರಿ ಬಂದ ಗಂಗೊಳ್ಳಿಯ ಮೀನುಗಾರ್ತಿಯ ಎದೆಗೆ ಅಂಟಿಸಿದ ಪಟ್ಟಿಯ ಮೇಲೂ ಗೆಲ್ಲುತ್ತದೆಂದು ಯಾರು ಹೇಳಬೇಕು? ಅವರ ಇಸಿಜಿಯನ್ನೇ ತೆಗೆದು ನೋಡಿದವರು ಹೇಳಬೇಕು. ಅದಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ರೋಗಿಯ ಒಪ್ಪಿಗೆ ಬೇಕು, ವೈದ್ಯರ ಬಿಡುವು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಗಳು ಬೇಕು.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಬೇಕಾದ ನೆಲ ಇದೆ: ಆಸ್ಪತ್ರೆಯ ಮಗ್ಗುಲಲ್ಲೇ ಎಂಜಿನಿಯರರು. 1905ರಲ್ಲಿ ಇಸಿಜಿಯ ಜನಕ ವಿಲ್ಲೆಮ್ ಐಂಥೋವನ್ ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ ಇಸಿಜಿ ತೆಗೆಯುವಾಗ ರೋಗಿ ಆಸ್ಪತ್ರೆಯಲ್ಲಿ, ಕಾಲು ಟನ್ನಿಗೂ ಹೆಚ್ಚು ತೂಗುವ ಯಂತ್ರ ಪ್ರಯೋಗಾಲಯದಲ್ಲಿ. ನಡುವಿನ ಒಂದೂವರೆ ಕಿಲೋಮೀಟರ್ ದೂರಕ್ಕೆ ಅವರು ಟೆಲಿಫೋನ್ ತಂತಿ ಎಳೆಸಿ ಹೃದಯದ ಸಂಕೇತ ತರಿಸಿಕೊಂಡರು. ಮಣಿಪಾಲದಲ್ಲಾದರೋ 1953ರ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರ ಎಂಜಿನಿಯರಿಂಗ್ ಕಾಲೇಜು ಒಂದೇ ಗುಡ್ಡದ ಮೇಲಿವೆ. ಎರಡನ್ನೂ ಕಟ್ಟಿದವರು ಡಾ. ಟಿ. ಎಂ. ಎ. ಪೈ. ವಾರ್ಡಿನಿಂದ ವರ್ಕ್‌ಶಾಪಿಗೆ ನಡೆದೇ ಹೋಗಬಹುದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪಿಎಚ್‌ಡಿ ಮಾಡಿದ ಯು. ರಾಜೇಂದ್ರ ಆಚಾರ್ಯ ಅವರು ಹೃದಯ ಬಡಿತದ ಏರಿಳಿತದ ಬಗ್ಗೆ ಸಂಗಡಿಗರೊಂದಿಗೆ 2006ರಲ್ಲಿ ಬರೆದ ಲೇಖನವನ್ನು ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಅವರು ಮುಂದೆ ನೆಲೆ ಕಂಡುಕೊಂಡದ್ದು ಸಿಂಗಪುರ, ಆಸ್ಟ್ರೇಲಿಯಗಳಲ್ಲಿ. ಪ್ರತಿಭೆಗೆ ನಮ್ಮಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ನಿಶ್ಚಿಂತೆಯಿಂದ ಕೂತು ಕೆಲಸ ಮಾಡುವ ಕಾಲಾವಕಾಶಕ್ಕೆ. ವೈದ್ಯಕೀಯ ಸಾಧನ ತಯಾರಿಸುವ ಪೋಸ್ಟ್‌ಡಾಕ್ ಹುದ್ದೆಗಳಿಗೆ ಕನಿಷ್ಠ ಐದು ವರ್ಷ ಕೊಡಬೇಕೆಂದು ವಿಶ್ವವಿದ್ಯಾಲಯಗಳನ್ನೂ ಹಣ ನೀಡುವ ಸಂಸ್ಥೆಗಳನ್ನೂ ನಾನು ಒತ್ತಾಯಿಸುತ್ತೇನೆ.

ಕುಂಭಾಶಿಯ ತಂದೆಯವರೇ, ಮಗಳು ಹೋಗಲಿ. ಸೇರುವ ಮುಂಚೆ ಕೆಲವನ್ನು ಬಾಯಿಬಿಟ್ಟು ಕೇಳಲು ಹೇಳಿ. ಯೋಜನೆಯ ಹಣ ಇನ್ನೆಷ್ಟು ವರ್ಷಕ್ಕಿದೆ? ನೈತಿಕ ಸಮಿತಿಯ ಅನುಮತಿ ಆಗಲೇ ಸಿಕ್ಕಿದೆಯೋ, ಇನ್ನು ಅರ್ಜಿ ಹಾಕಬೇಕೋ? ಅನುಮತಿಗೆ ಕಾಯುವುದರಲ್ಲೇ ಮೊದಲ ವರ್ಷದ ಬಹುಪಾಲು ಕಳೆದುಹೋಗಬಹುದು. ತಿಂಗಳಿಗೊಮ್ಮೆಯಾದರೂ ಜೊತೆಗೆ ಕೂರುವ ವೈದ್ಯರು ಯಾರು, ಅವರ ಹೆಸರು ಯೋಜನೆಯಲ್ಲಿ ಇದೆಯೇ? ಪೇಟೆಂಟ್ ಆದರೆ ಅದರಲ್ಲಿ ಆಕೆಯ ಹೆಸರು ಬರುತ್ತದೆಯೇ? ಇವಕ್ಕೆಲ್ಲ ಬರಹದಲ್ಲಿ ಉತ್ತರ ಸಿಕ್ಕರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು. ವೈದ್ಯರ ಹೆಸರನ್ನೇ ಹೇಳಲಾಗದ ಪ್ರಯೋಗಾಲಯವಾದರೆ, ಸಂಬಳ ಎಷ್ಟೇ ಇರಲಿ, ಬೇರೆ ಕಡೆ ಅರ್ಜಿ ಹಾಕುವುದು ಒಳ್ಳೆಯದು.