ಏಳಕ್ಕೆ ಸೈರನ್, ಆಮೇಲೆ ಮೊಬೈಲ್ ಬಂದ್

ಮನ್ನಾಏಖೇಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಪಿಯುಸಿ ಹುಡುಗ ಕೂತಿದ್ದ. ತೊಡೆಯ ಮೇಲೆ ಫಿಸಿಕ್ಸ್ ಗೈಡು. ಓದುತ್ತಿದ್ದ ಪುಟ ತಪ್ಪಬಾರದೆಂದು ಎಡಗೈ ಬೆರಳನ್ನು ಒಳಗೇ ಸಿಕ್ಕಿಸಿಕೊಂಡಿದ್ದ. ಬಲಗೈಯಲ್ಲಿ ಮೊಬೈಲ್. ಹೆಬ್ಬೆರಳು ಸರಿದಂತೆಲ್ಲ ಒಂದು ಕುಣಿತ, ಒಂದು ಜಗಳ, ಒಂದು ಸಿಕ್ಸರ್, ಯಾವುದೋ ಊರಿನ ಮದುವೆಯ ಡಿಜೆ. ಬೀದರ್ ಬಸ್ಸು ಬರುವತನಕ ಪುಸ್ತಕದ ಹಾಳೆ ಒಂದೂ ತಿರುಗಲಿಲ್ಲ. ಪರೀಕ್ಷೆ ಯಾವಾಗ ಎಂದು ಕೇಳಿದೆ. ‘ಮುಂದಿನ ವಾರ ಅದ ಕಾಕಾ. ಓದ್ಲಾಕ ಕುಂತ್ರ ಎರಡು ಲೈನ್ ಆಗೂದ್ರಾಗ ಕೈ ತಾನೇ ಹೋಗ್ತದ’ ಎಂದ. ಅವನ ದನಿಯಲ್ಲಿ ಉಡಾಫೆ ಇರಲಿಲ್ಲ, ಕಳವಳ ಇತ್ತು.

ಚಿಟಗುಪ್ಪಾ ತಾಲ್ಲೂಕಿನ ಈ ಊರು ಹೈದರಾಬಾದ್–ಪುಣೆ ಹೆದ್ದಾರಿಯ ಮೇಲಿದೆ. ಬೀದರ್ ಕಡೆಗೆ ಹೋಗುವವರು, ಚಿಂಚೋಳಿಗೆ ಇಳಿಯುವವರು, ಹುಮನಾಬಾದ್ ದಾಟಿ ಬಸವಕಲ್ಯಾಣದತ್ತ ಹೊರಟವರು ಎಲ್ಲ ಇಲ್ಲಿ ಬಸ್ಸು ಬದಲಿಸುತ್ತಾರೆ. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಮಾತಿಗೆ ಇಂಥ ಕ್ರಾಸುಗಳೇ ತವರು. ತೊಗರಿಯ ರೇಟು, ಸೋಯಾ ರಾಶಿ, ಬೀಗರ ಮನೆಯ ಸುದ್ದಿ ಇಲ್ಲೇ ಕೈ ಬದಲಾಯಿಸುತ್ತಿದ್ದವು. ಈಗ ಅಪರಿಚಿತರನ್ನು ಮಾತಿಗೆಳೆಯಲು ಹೋದರೆ ಅವರು ಕಿವಿಯ ಇಯರ್‌ಫೋನ್ ತೆಗೆಯುವವರೆಗೆ ಕಾಯಬೇಕು.

ಕೈ ತಾನೇ ಹೋಗುತ್ತದೆ ಎಂದ ಹುಡುಗ ಸುಳ್ಳು ಹೇಳಲಿಲ್ಲ. ಹಾಗೆ ಹೋಗಲೆಂದೇ ಆ ಪರದೆಯನ್ನು ಕಟ್ಟಲಾಗಿದೆ. ಪುಟ ಮುಗಿಯದಂತೆ ಕೆಳಗೆ ಹೊಸದು ಸೇರುತ್ತಲೇ ಹೋಗುವ ವಿನ್ಯಾಸವನ್ನು ಏಜಾ ರಾಸ್ಕಿನ್ ಎಂಬ ಅಮೆರಿಕನ್ ತಂತ್ರಜ್ಞ 2006ರಲ್ಲಿ ರೂಪಿಸಿದರು. ಅದರ ಪರಿಣಾಮ ಕಂಡು ಮುಂದೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪತ್ರಿಕೆಗೆ ಕೊನೆಯ ಪುಟ ಇದೆ, ಸಿನಿಮಾಕ್ಕೆ ‘ಶುಭಂ’ ಇದೆ. ಇದಕ್ಕೆ ಮಾತ್ರ ಎದ್ದು ಹೋಗು ಎನ್ನುವ ಜಾಗವೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಪೀಡೆ ತೊಲಗಿತು ಎಂದವರಿದ್ದರು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಜಾಗ ತುಂಬಿದವು. ಕೊರೊನಾದಿಂದ ಶಾಲೆ ಮುಚ್ಚಿ, ಪಾಠಕ್ಕೆಂದು ನಾವೇ ಮಕ್ಕಳ ಕೈಗೆ ಮೊಬೈಲ್ ಕೊಟ್ಟ ಹೊತ್ತು ಅದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು ಜನ ಪರದೆಯ ಮೇಲಿನ ಒಂದು ಸಂಗತಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ವರ್ಷಾನುಗಟ್ಟಲೆ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇದ್ದದ್ದು ಇತ್ತೀಚೆಗೆ 47 ಸೆಕೆಂಡಿಗೆ ಇಳಿದಿದೆ. ಹೋದ ಲಕ್ಷ್ಯ ಮರಳಿ ಬರುತ್ತದೆಯೇ? ಬರುತ್ತದೆ ಎನ್ನಲು ಒಳ್ಳೆಯ ಆಧಾರವಿದೆ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 467 ಮಂದಿಯ ಫೋನಿನಲ್ಲಿ ಎರಡು ವಾರ ಇಂಟರ್ನೆಟ್ ನಿಲ್ಲಿಸಲು ಹೇಳಿದರು. ಕರೆ, ಮೆಸೇಜಿಗೆ ಅಡ್ಡಿ ಇರಲಿಲ್ಲ. ಅವರ ಏಕಾಗ್ರತೆ ಹೆಚ್ಚಿತು, ಮನಸ್ಸಿನ ಆರೋಗ್ಯವೂ ಸುಧಾರಿಸಿತು. ಬಿಡುವಾದ ಹೊತ್ತಿನಲ್ಲಿ ಅವರು ಜನರನ್ನು ಮುಖತಃ ಕಂಡರು, ವ್ಯಾಯಾಮ ಮಾಡಿದರು, ಬಯಲಿಗೆ ಹೋದರು. ಆದರೆ ನಿಯಮವನ್ನು ಬಹುಮಟ್ಟಿಗಾದರೂ ಪಾಲಿಸಲು ಆದದ್ದು ಸುಮಾರು ಕಾಲುಭಾಗದವರಿಗೆ ಮಾತ್ರ. ತಾವಾಗಿ ಒಪ್ಪಿ ಬಂದವರ ಕತೆಯೇ ಹೀಗಿರುವಾಗ, ಹದಿನೇಳರ ಹುಡುಗನಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ.

ಹಾಗಾಗಿ ನನಗೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಬಹಳ ದೊಡ್ಡ ಊರಾಗಿ ಕಾಣುತ್ತದೆ. 2022ರಲ್ಲಿ ಅಲ್ಲಿನ ಜನ ಒಂದು ಕಟ್ಟುಪಾಡು ಮಾಡಿಕೊಂಡರು. ಸಂಜೆ 7ಕ್ಕೆ ಗುಡಿಯ ಮೇಲಿನ ಸೈರನ್ ಕೂಗುತ್ತದೆ. ಮನೆಮನೆಯಲ್ಲಿ ಟಿವಿ, ಮೊಬೈಲ್ ಬಂದ್. ಒಂದೂವರೆ ತಾಸು ಮಕ್ಕಳು ಓದುತ್ತಾರೆ, ದೊಡ್ಡವರು ಕೂತು ಮಾತಾಡುತ್ತಾರೆ. 8.30ಕ್ಕೆ ಮತ್ತೆ ಎಲ್ಲ ಚಾಲೂ. ಮೊದಮೊದಲು ಗಂಡಸರು ನಕ್ಕರಂತೆ. ಊರಿನ ಹೆಣ್ಣುಮಕ್ಕಳು ಸಭೆ ಸೇರಿ, ನಾವೂ ಧಾರಾವಾಹಿ ಅತಿಯಾಗಿ ನೋಡುತ್ತೇವೆ, ಊರಿಗೆ ಊರೇ ಬಂದ್ ಮಾಡಲಿ ಎಂದ ಮೇಲೆ ಮಾತು ನಿಂತಿತು. ಮನೆಮನೆಗೆ ಹೋಗಿ ವಿಚಾರಿಸಲು ವಾರ್ಡಿಗೊಂದು ಗುಂಪು ಮಾಡಿದರು. ಬೆಳಗಾವಿ ಪಕ್ಕದ ಹಲಗಾ ಗ್ರಾಮವೂ 2025ರ ಡಿಸೆಂಬರಿನಲ್ಲಿ ಇದೇ ದಾರಿ ಹಿಡಿದು ಸಂಜೆ 7ರಿಂದ 9ರವರೆಗೆ ಪರದೆ ಮುಚ್ಚಲು ನಿರ್ಧರಿಸಿತು.

ಈ ಏರ್ಪಾಟಿನ ಬಲ ಎಲ್ಲಿದೆ ಎಂದರೆ, ಆ ಹೊತ್ತಿನಲ್ಲಿ ಯಾರಿಗೂ ಏನೂ ತಪ್ಪಿಹೋಗುವುದಿಲ್ಲ. ಗೆಳೆಯನೂ ಆನ್‌ಲೈನ್ ಇಲ್ಲ, ಹಾಕಿದ ಫೋಟೋಕ್ಕೆ ಲೈಕ್ ಒತ್ತುವವರೂ ಇಲ್ಲ. ಅಪ್ಪ ರೀಲ್ಸ್ ನೋಡುತ್ತ ಮಗನಿಗೆ ಓದು ಎನ್ನುವ ಪ್ರಸಂಗವೂ ಇಲ್ಲ.

ನಮ್ಮ ಸೀಮೆಗೆ ಇದೇನು ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಶ್ರಾವಣದಲ್ಲಿ ಹಳ್ಳಿಹಳ್ಳಿಯ ಗುಡಿಯಲ್ಲಿ ತಿಂಗಳುಗಟ್ಟಲೆ ಪುರಾಣ ಹಚ್ಚುತ್ತಾರೆ. ಹೊಲದ ಕೆಲಸ ಮುಗಿಸಿ, ರೊಟ್ಟಿ ತಿಂದು, ಕಂಬಳಿಯ ತುದಿ ಹಿಡಿದುಕೊಂಡು ಬಂದು ಕೂರುತ್ತಿದ್ದ ಮುದುಕರು ಮಾತು ತಪ್ಪಿದ ಶಾಸ್ತ್ರಿಗಳನ್ನೇ ತಿದ್ದುತ್ತಿದ್ದರು. ಅಕ್ಷರ ಬಾರದವರು ನಿನ್ನೆಯ ಕತೆ ಎಲ್ಲಿಗೆ ನಿಂತಿತ್ತು ಎಂದು ಚಾಚೂ ತಪ್ಪದೆ ಹೇಳುತ್ತಿದ್ದರು. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದೂಸ್ತಾನಿ ಸಂಗೀತ ರಾತ್ರಿಯಿಡೀ ನಡೆಯುತ್ತದೆ. ಮಾಣಿಕಪ್ರಭುಗಳು (1817–1865) ಕಟ್ಟಿದ ಸಂಸ್ಥಾನದಲ್ಲಿ ಸಂಗೀತಕ್ಕೆ ಪೂಜೆಯಷ್ಟೇ ಮಾನ. ವಿಲಂಬಿತ ಖ್ಯಾಲಿನಲ್ಲಿ ಗಾಯಕ ಒಂದೇ ಸ್ವರದ ಸುತ್ತ ಸುಳಿಯುತ್ತಿರುವಾಗ ಹೊಸಬರಿಗೆ ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ, ಕೈ ಜೇಬಿಗೆ ಹೋಗುತ್ತದೆ. ಹೋಗಲು ಬಿಡದೆ ಕೂತವರಿಗೆ ಮುಂದೆ ರಾಗ ತೆರೆದುಕೊಳ್ಳುತ್ತದೆ. ಆ ಹತ್ತು ನಿಮಿಷದ ಬೇಸರವನ್ನು ಸಹಿಸುವ ಶಕ್ತಿಯೇ ನಮ್ಮ ಮಕ್ಕಳಿಂದ ಜಾರಿಹೋಗುತ್ತಿರುವುದು. ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಶರಣರು ಮಾಡಿದ್ದೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿ ಉತ್ತರ ಕೊಡುವ ಕೆಲಸವನ್ನೇ.

ಮೊಬೈಲನ್ನೇ ಬಿಡಿ ಎಂದು ಇಲ್ಲಿ ಯಾರಿಗೂ ಹೇಳಲಾಗದು. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದ ಮಗ ಕೆಲಸ ಮುಗಿಸಿ ಫೋನ್ ಮಾಡುವುದು ಅದೇ ಸಂಜೆ ಹೊತ್ತಿಗೆ. ಅವನ ಮುಖ ಕಾಣುವ ಆ ಐದು ನಿಮಿಷ ತಾಯಿಗೆ ದಿನದ ದೊಡ್ಡ ಗಳಿಗೆ. ಚಹಾದ ಅಂಗಡಿಯಲ್ಲಿ ಫೋನ್‌ಪೇ, ಮಂಡಿಯಲ್ಲಿ ರೇಟು, ಬೆಳೆ ವಿಮೆ ಎಲ್ಲ ಅದರಲ್ಲೇ. ಕರೆಗೆ ದಾರಿ ಬಿಟ್ಟು ರೀಲ್ಸಿಗೆ ಬಾಗಿಲು ಹಾಕಬಹುದು. ಆ್ಯಪ್ ತೆಗೆದುಹಾಕಿ, ಬೇಕಾದಾಗ ಮಾತ್ರ ಬ್ರೌಸರಿನಲ್ಲಿ ತೆರೆಯುವುದು, ನೋಟಿಫಿಕೇಶನ್ ಬಂದ್ ಮಾಡುವುದು, ಮಲಗುವಾಗ ಫೋನನ್ನು ಪಡಸಾಲೆಯಲ್ಲಿ ಚಾರ್ಜಿಗೆ ಇಡುವುದು ಖರ್ಚಿಲ್ಲದ ಕೆಲಸಗಳು. ಇವುಗಳಿಗೂ ಜಗ್ಗದೆ ನಿದ್ದೆ, ಊಟ, ಶಾಲೆ ಬಿಟ್ಟ ಮಕ್ಕಳಿಗೆ ಬೈಗುಳ ಬೇಡ, ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪರದೆ ಮುಚ್ಚಿದ ಮೇಲೆ ಕೈಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಪಂಚಾಯಿತಿಗಳು ಉತ್ತರ ಕೊಡಬೇಕು. ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರಿನಲ್ಲಿ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಅರಿವು ಕೇಂದ್ರ ಎಂದು ಹೆಸರು ಪಡೆದ ಈ ಗ್ರಂಥಾಲಯಗಳ ಬಾಗಿಲು ಸಂಜೆ 7ರಿಂದ 8.30ರವರೆಗೂ ತೆರೆದಿರಬೇಕು, ಒಳಗೆ ಬಲ್ಬು ಉರಿಯುತ್ತಿರಬೇಕು, ಮೇಲ್ವಿಚಾರಕರಿಗೆ ಆ ಹೆಚ್ಚುವರಿ ಹೊತ್ತಿನ ಸಂಬಳ ಸಿಗಬೇಕು. ಇದಕ್ಕೆ ತಗಲುವ ದುಡ್ಡು ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆ.

ಮಕ್ಕಳ ಗ್ರಾಮಸಭೆಗಳಲ್ಲಿ ಸಾಮಾನ್ಯವಾಗಿ ಕುಡಿಯುವ ನೀರು, ಶೌಚಾಲಯ, ಕಾಂಪೌಂಡಿನ ಮಾತು ಬರುತ್ತದೆ. ಹುಮನಾಬಾದ್, ಚಿಟಗುಪ್ಪಾ, ಬಸವಕಲ್ಯಾಣದ ಪಂಚಾಯಿತಿಗಳು ಈ ಸಲ ಸಂಜೆ ಏಳರ ವಿಷಯವನ್ನೂ ಇಡಲಿ. ಅಪ್ಪ–ಅವ್ವನ ಮೊಬೈಲ್ ಬಗ್ಗೆ ಮಕ್ಕಳು ಹೇಳಿದ್ದನ್ನು ಪಿಡಿಒ ಸಾಹೇಬರು ಒಂದಕ್ಷರ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.